ಬರುವುದು ಬಿಟ್ಟ ಗಿರಾಕಿಗೆ

ಬನಹಟ್ಟಿ
೬ ಅಕ್ಟೋಬರ್ ೨೦೨೪, ರವಿವಾರ

ನಮ್ಮ ಮನೆಯವರಿಗೆ,

ಶೇವಂತಿ ಮಾಡುವ ನಮಸ್ಕಾರ. ನಾನೂ ನಿಮ್ಮ ಅವ್ವನೂ ಗಟ್ಟಿಯಾಗಿದ್ದೇವೆ. ನೀವು ಚೆನ್ನಾಗಿದ್ದೀರಿ ಎಂದು ಫೋನಿನಲ್ಲಿ ನೀವೇ ಹೇಳುತ್ತೀರಿ, ನಾನು ನಂಬಿದ ಹಾಗೆ ಮಾಡುತ್ತೇನೆ.

ಫೋನ್ ಇರುವಾಗ ಕಾಗದ ಏಕೆ ಎಂದು ನಿಮಗೆ ಅನಿಸಬಹುದು. ನಮ್ಮ ಫೋನಿನ ಮಾತು ನಿಮಗೇ ಗೊತ್ತಲ್ಲ. "ಊಟ ಆತ?" ಅನ್ನುತ್ತೀರಿ. "ಆತ್ರಿ" ಅನ್ನುತ್ತೇನೆ. "ಅವ್ವ ಹ್ಯಾಂಗದಾಳ?" ಅನ್ನುತ್ತೀರಿ. "ಅರಾಮ ಅದಾರ" ಅನ್ನುತ್ತೇನೆ. ಅಲ್ಲಿಗೆ ಇಬ್ಬರ ಮಾತೂ ಮುಗಿದು, ನಿಮ್ಮ ಹಿಂದೆ ಇಚಲಕರಂಜಿಯ ಮಗ್ಗಗಳ ಸದ್ದು ಮಾತ್ರ ಉಳಿಯುತ್ತದೆ. ನಮ್ಮ ಮನೆಯಲ್ಲಿ ಆ ಸದ್ದು ನಿಂತು ಬಹಳ ದಿನವಾಯಿತು. ಅದನ್ನೇ ಕೇಳುತ್ತ ನಾನು ಫೋನ್ ಹಿಡಿದುಕೊಂಡು ನಿಂತಿರುತ್ತೇನೆ. ನೀವು "ಕಟ್ ಆತೇನ?" ಎಂದು ಕೇಳಿ ಇಟ್ಟುಬಿಡುತ್ತೀರಿ.

ಹೋದ ವಾರ ಮಾತ್ರ ಒಂದು ಮಾತು ಹೆಚ್ಚು ಆಡಿದಿರಿ. "ಇಲ್ಲೆ ಒಂದ ಖೋಲಿ ನೋಡೇನಿ. ದೀವಳಿಗಿಯೊಳಗ ಮಗ್ಗ ಮಾರಿ, ಅಂಗಡಿ ಮುಚ್ಚಿ, ಅವ್ವನ ಕರಕೊಂಡ ಬಂದಬಿಡು" ಎಂದಿರಿ. ನಾನು "ಹೂಂ" ಎಂದೆ. ಆ ಹೂಂ ಒಪ್ಪಿಗೆಯದಲ್ಲ. ಬಾಯಿಂದ ಅಷ್ಟೇ ಹೊರಟಿತು. ಅದರ ಮುಂದಿನ ಮಾತು ಈ ಕಾಗದದಲ್ಲಿದೆ. ಓದುತ್ತ ಸಿಟ್ಟು ಬಂದರೆ ಮಡಚಿಟ್ಟು, ಒಂದು ಕಪ್ ಚಹಾ ಕುಡಿದು ಬಂದು ಮತ್ತೆ ಓದಿ.

ಕಾಗದ ಬರೆಯುವ ಬುದ್ಧಿ ನನ್ನದಲ್ಲ, ರೇಷ್ಮಾಳದು. ಸಣ್ಣ ಅಂಗಡಿ ನಡೆಸುವ ಹೆಂಗಸರಿಗೆ ವ್ಯಾಪಾರ ಹೆಚ್ಚಿಸಿಕೊಳ್ಳುವುದನ್ನು ಕಲಿಸುತ್ತಾರೆಂದು ನಮ್ಮ ಸಂಘದವರು ನನ್ನನ್ನು ಜಮಖಂಡಿಗೆ ಕಳಿಸಿದ್ದರು. ಹಪ್ಪಳದವರು, ಬಳೆಯವರು, ಕಟಕ ರೊಟ್ಟಿ ಬಡಿದು ಮಾರುವವರು ಎಲ್ಲ ಬಂದಿದ್ದರು. ಕಲಿಸುವ ಹುಡುಗಿ ರೇಷ್ಮಾ. ನಮಗೆ ಮಗಳಿದ್ದಿದ್ದರೆ ಅವಳ ವಯಸ್ಸಿನವಳಾಗಿರುತ್ತಿದ್ದಳು. ಮಾತು ಮಾತ್ರ ನುರಿತ ದಲಾಲಿಯದು. "ಅಕ್ಕಾರ, ಹೊಸಾ ಗಿರಾಕಿ ಹುಡುಕೂದಕ್ಕಿಂತ ಬರೂದ ಬಿಟ್ಟ ಗಿರಾಕಿನ ಕರಿಯೂದ ಸಲೀಸ. ಅವರಿಗಿ ನಿಮ್ಮ ಕೈಲೆ ಒಂದ ಕಾಗದಾ ಬರೀರಿ. ಫೋನ್ ಮಾಡಿದ್ರ ಮರೀತಾರ, ಕಾಗದಾ ಬಂದ್ರ ಇಟಗೋತಾರ" ಎಂದಳು. ನಾನು ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದಾಗ ಒಬ್ಬೊಬ್ಬರಿಗೇ ಬರೆದೆ. ನಮ್ಮಲ್ಲಿಗೆ ಬರುವುದು ಬಿಟ್ಟವರಿಗೆಲ್ಲ ಬರೆದಾಯಿತು, ನೀವೊಬ್ಬರು ಉಳಿದಿದ್ದಿರಿ.

ಮೊದಲ ಕಾರ್ಡು ಯಾರಿಗೆ ಹೋಯಿತು ಗೊತ್ತೇ? ಮುಧೋಳದ ತಂಗೆವ್ವನವರಿಗೆ. ಹೆಸರು ಓದಿದ ಕೂಡಲೇ ನಿಮ್ಮ ಮೂಗು ಕೆಂಪಾಗಿರುತ್ತದೆ, ಬಲ್ಲೆ. ವ್ಯಾಪಾರಿಗಳು ನಮ್ಮ ಸೀರೆ ಒಯ್ಯುವುದು ಕಡಿಮೆ ಮಾಡಿದಾಗ ಮುಂದಿನ ಕೋಣೆಯಲ್ಲಿ ಅಂಗಡಿ ಹಾಕೋಣ ಎಂದು ಹಟ ಹಿಡಿದವಳು ನಾನು. ನೀವು ಒಲ್ಲೆ ಒಲ್ಲೆ ಎನ್ನುತ್ತಲೇ ಗಾದಿಯ ಮೇಲೆ ಕೂತಿರಿ, ಅದೂ ತುದಿಯಲ್ಲಿ, ಬೀಗರ ಮನೆಯಲ್ಲಿ ಕೂತ ಹಾಗೆ. ಒಂದು ದಿನ ಬೋಣಿಗೆಯ ಹೊತ್ತಿಗೇ ತಂಗೆವ್ವನವರು ಬಂದರು. ನೀವು ನೇಯ್ದ ಕೆಂಪಂಚಿನ ಹಸಿರು ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಮೂಲೆ ಹಿಡಿದು ಮುದ್ದೆ ಮಾಡಿ, "ಇದರಾಗ ಏನೈತಿ ಅಂತ ಇಷ್ಟ ಹೇಳತೀರಿ? ಸಂತ್ಯಾಗ ಅರ್ಧಕ್ಕ ಕೊಡತಾರ" ಎಂದರು. ಕೊಳ್ಳುವವರು ಆಡುವ ಮಾತು ಅದು, ಅವರು ಕೊಳ್ಳಲೆಂದೇ ಆಡಿದ್ದರು. ನೀವು ಎದ್ದಿರಿ. ಅವರ ತೊಡೆಯ ಮೇಲಿದ್ದ ಸೀರೆ ತೆಗೆದುಕೊಂಡು, ಮುದ್ದೆಯಾದ ಮೂಲೆಯನ್ನು ಅಂಗೈಯಿಂದ ಸವರಿ, ಮಡಚಿ ಕಪಾಟಿನಲ್ಲಿಟ್ಟು, "ಈ ಸೀರಿ ನಿಮಗ ಕೊಡಂಗಿಲ್ರಿ" ಎಂದಿರಿ. ಬೋಣಿಗೆಯ ಗಿರಾಕಿಯನ್ನು ಬರಿಗೈಲಿ ಕಳಿಸಿದ ಅಂಗಡಿ ಇಡೀ ಬನಹಟ್ಟಿಯಲ್ಲಿ ನಮ್ಮದೊಂದೇ ಇರಬೇಕು.

ಅವರು ಹೋದ ಮೇಲೆ ನಾನು "ನಿಮಗ ನೇಯಾಕ ಬರತೈತಿ, ಮಾರಾಕ ಬರಂಗಿಲ್ಲ" ಎಂದೆ. ನೀವು "ಮಗ್ಗದ ಮುಂದ ನಿಂತಾವ ಗಾದಿ ಮ್ಯಾಲ ಕುಂಡ್ರಂಗಿಲ್ಲ. ನನ್ನ ಕಣ್ಣ ಮುಂದ ನನ್ನ ಸೀರಿಗಿ ಹೆಸರ ಇಡೂದ ನನಗ ನೋಡಾಕ ಆಗಂಗಿಲ್ಲ" ಎಂದಿರಿ. ಯುಗಾದಿ ಮುಗಿಸಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದಿರಿ. ನಾನು ಹೇಳಿದ್ದೂ ಖರೆ, ನೀವು ಹೇಳಿದ್ದೂ ಖರೆ. ಈಗಲೂ ನಾನು ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮಾರಲು ಬರುವ ನನ್ನೊಬ್ಬಳಿಂದ ಅಂಗಡಿ ತುಂಬುತ್ತದೆಯೇ ಹೊರತು ಮನೆ ತುಂಬುವುದಿಲ್ಲ.

ತಂಗೆವ್ವನವರು ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಬಂದರು. ಗಾದಿಯ ಕಡೆ ನೋಡಿ, "ಆ ಸಿಟ್ಟಿನ ಮನಷಾ ಎಲ್ಲಿ ಅದಾರವಾ?" ಎಂದು ಕೇಳಿದರು. ನೀವು ಊರಲ್ಲಿಲ್ಲ ಎಂದೆ. "ಮನಿಗಿ ಹೋದ ಮ್ಯಾಲ ವಿಚಾರ ಮಾಡಿದೆ. ಇಷ್ಟ ವರ್ಷ ಸೀರಿ ತಗೊಂಡೇನಿ, ಮುದ್ದಿ ಮಾಡಿದ್ರ ಯಾರೂ ಒಂದ ಮಾತ ಅಂದಿದ್ದಿಲ್ಲ. ಸೀರಿ ಮ್ಯಾಲ ಅಷ್ಟ ಜೀವ ಇಟ್ಟಾವರ ಕಡೇನ ತಗೋಬೇಕು ಅಂತ ಬಂದೀನಿ. ಅದ ಸೀರಿ ಕೊಡು" ಎಂದರು. ಆ ಸೀರೆ ಅಂಗಡಿಯಲ್ಲಿ ಇಲ್ಲ ಎಂದೆ. ಅದು ಇರುವುದು ನನ್ನ ಪೆಟ್ಟಿಗೆಯಲ್ಲಿ ಎಂದು ಹೇಳಲಿಲ್ಲ. ಬೇರೆ ಎರಡು ಸೀರೆ ಒಯ್ದರು. ಬೆಲೆಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅವರು ಹೋದ ಮೇಲೆ ನಿಮಗೆ ಫೋನ್ ಮಾಡಬೇಕು ಅನಿಸಿತು. ಮಾಡಿದರೆ ಮತ್ತೆ "ಊಟ ಆತ?" ಎಂದೇ ಕೇಳುತ್ತೀರಿ ಎಂದು ಸುಮ್ಮನಾದೆ.

ನಿಮ್ಮ ಅವ್ವನ ಸುದ್ದಿ ಕೇಳಿ. ಸೀರೆಗಳ ಫೋಟೊ ವಾಟ್ಸಾಪಿನಲ್ಲಿ ಹಾಕಬೇಕು, ಆದರೆ ಗೊಂಬೆಗೆ ಉಡಿಸಿ ತೆಗೆಯಬೇಡಿ, ಮನುಷ್ಯರಿಗೆ ಉಡಿಸಿ ಎಂದು ರೇಷ್ಮಾ ಹೇಳಿದ್ದಳು. ನನಗೆ ನಾಚಿಕೆ. ಅತ್ತೆ "ಕೊಡ ಇಲ್ಲೆ, ನಾ ಉಡತೇನಿ" ಎಂದು ಎದ್ದು, ಕಚ್ಚೆ ಹಾಕಿ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಮಹಾರಾಣಿಯ ಹಾಗೆ ನಿಂತರು. ಕೆಳಗೆ ಅವರ ಹೆಸರು ಹಾಕಿದ ಫೋಟೊ ಬೀಳಗಿಯವರೆಗೂ ಹೋಗಿದೆ. ಅಲ್ಲಿಂದ ಫೋನ್ ಮಾಡಿದವರು "ಹೊಳೆವ್ವ ಉಟ್ಟಿದ್ದ ಸೀರಿ" ಎಂದೇ ಕೇಳುತ್ತಾರೆ. ಈಗ ಅತ್ತೆ ಹಳೆಯ ಸೀರೆ ಉಟ್ಟು ಬಾಗಿಲಿಗೆ ಬರುವುದನ್ನೇ ಬಿಟ್ಟಿದ್ದಾರೆ. "ಗಿರಾಕಿ ನೋಡಿದ್ರ ಏನಂದಾರು?" ಅನ್ನುತ್ತಾರೆ.

ಇನ್ನು ಆಟೊದ ವಿಷಯ. ಇದನ್ನು ಬರೆಯುವುದು ಕಷ್ಟ.

ನೀವು ಇದ್ದಾಗ ಯಮನಪ್ಪನ ಆಟೊಗೆ ಮೈಕಿನ ಭೋಂಗಾ ಕಟ್ಟಿಸಿ, ಅವನ ಫೋನಿನಲ್ಲಿ ತುಂಬಿದ ನಿಮ್ಮ ಧ್ವನಿಯಲ್ಲಿ ಕೂಗಿಸಿದ್ದು ನೆನಪಿದೆಯಲ್ಲ. ನಾನು ಎಷ್ಟು ಕಾಡಿ ನಿಮ್ಮಿಂದ ಹೇಳಿಸಿದ್ದೆ. "ಬರ್ರಿ ಅಕ್ಕಾರ, ಬರ್ರಿ ತಂಗಿಗೋಳ. ಬನಹಟ್ಟಿ ಪರಮಾನಂದ ಸೀರಿ ಅಂಗಡಿ. ನಮ್ಮ ಮಗ್ಗದ ಸೀರಿ. ಸೆರಗಿಗಿ ಕುಚ್ಚ ಪುಕ್ಕಟ ಕಟ್ಟಿ ಕೊಡತೇವಿ." ಮಗ್ಗದ ಸೀರಿ ಎಂದ ಮೇಲೆ ನೀವು ಒಂದು ಸಲ ಕೆಮ್ಮಿದ್ದಿರಿ. ಅಳಿಸಿ ಮತ್ತೆ ಮಾಡೋಣ ಎಂದು ಯಮನಪ್ಪ ಹೇಳಿದರೆ "ಸಾಕ ಬಿಡೋ ಮಾರಾಯಾ" ಎಂದು ಎದ್ದು ಹೋಗಿದ್ದಿರಿ. ನೀವು ಊರು ಬಿಟ್ಟ ಮೇಲೂ ಆ ಆಟೊ ರಬಕವಿಯ ಓಣಿಗಳಲ್ಲಿ, ಜಮಖಂಡಿಯ ಸಂತೆಯ ದಾರಿಯಲ್ಲಿ ತಿರುಗುತ್ತಲೇ ಇತ್ತು. ನಮ್ಮ ಓಣಿಯ ತಿರುವಿಗೆ ಬಂದರೆ ನಾನು ಕೈಯಲ್ಲಿದ್ದದ್ದು ಬಿಟ್ಟು ನಿಲ್ಲುತ್ತಿದ್ದೆ. ಅಕ್ಕಾರ, ತಂಗಿಗೋಳ ಎಂದದ್ದೆಲ್ಲ ಊರಿನವರಿಗೆ. ಆ ಕೆಮ್ಮು ನನ್ನದು. ಗಿರಾಕಿ ಎದುರಿಗಿದ್ದರೂ ಅದು ಬಂದು ಹೋಗುವವರೆಗೆ ನಾನು ಸೀರೆ ಬಿಚ್ಚುತ್ತಿರಲಿಲ್ಲ.

ಆಟೊ ಕುಚ್ಚಿನ ಆಸೆ ಹಚ್ಚುತ್ತಿತ್ತು, ಕಟ್ಟುವ ನೀವು ಇಲ್ಲ. ಬಂದವರು "ಆಟೋದಾಗ ಹೇಳ್ಯಾರಲ್ಲ" ಎಂದು ಕೂತುಬಿಡುತ್ತಿದ್ದರು. ನಿಮ್ಮ ಮಾತು ಸುಳ್ಳಾಗಬಾರದೆಂದು ನಾನೇ ಕಟ್ಟಲು ಕಲಿತೆ. ಮೊದಮೊದಲು ನನ್ನ ಕುಚ್ಚು ಜೋಳದ ಕೂಳೆಯ ಹಾಗೆ ನಿಲ್ಲುತ್ತಿತ್ತು. ಈಗ ಕೈ ಕೂತಿದೆ. ಕಟ್ಟುವವರೆಗೆ ಕಾಯುತ್ತ ಕೂತವರು ಕಪಾಟು ನೋಡುತ್ತಾರೆ, ನೋಡಿದವರು ಇನ್ನೊಂದು ತೆಗೆಸುತ್ತಾರೆ. ಗಿರಾಕಿಯನ್ನು ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂರಿಸುವುದೇ ದೊಡ್ಡ ಯುಕ್ತಿ ಎಂದು ರೇಷ್ಮಾ ಶಹಬಾಸ್ ಎಂದಳು. ಅದು ಯುಕ್ತಿಯಲ್ಲ, ನಿಮ್ಮ ಮಾತು ಉಳಿಸಲು ಮಾಡಿದ್ದು ಎಂದು ಅವಳಿಗೆ ಹೇಗೆ ಹೇಳಲಿ?

ಅವಳೇ ಒಂದು ದಿನ ಅಂಗಡಿ ನೋಡಲು ಬಂದಳು. ಆಟೊದ ಕೂಗು ಕೇಳಿ, "ಅಕ್ಕಾರ, ನಿಮ್ಮ ಮಗ್ಗ ನಿಂತೈತಿ. ನೀವು ಮಾರೂದ ನೀಲಕಂಠಪ್ಪನವರ ಮಗ್ಗದ ಸೀರಿ. 'ನಮ್ಮ ಮಗ್ಗದ ಸೀರಿ' ಅಂತ ಕೂಗಿಸೂದ ಖರೆ ಅಲ್ಲಲ್ರಿ? ಗಿರಾಕಿಗಿ ಕೊಟ್ಟ ಮಾತ ಖರೆ ಇರಬೇಕು, ಇಲ್ಲಂದ್ರ ಕೊಡಬಾರದು" ಎಂದಳು. ಹೊಸ ಕೂಗು ನನ್ನ ಧ್ವನಿಯಲ್ಲಿ ಆಗಬೇಕು ಎಂದೂ ಹೇಳಿದಳು.

ಆಗ ಗೊತ್ತಾದದ್ದು ನಮ್ಮ ಹುಚ್ಚುತನ. ಅಂಗಡಿಗೆ ನಿಮ್ಮ ಹೆಸರು ಇಡೋಣ ಎಂದು ಕುಣಿದವಳು ನಾನು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಾನು ಆ ಹೆಸರಿನ ಅಂಗಡಿಯನ್ನು ಹೇಗೆ ಕೂಗಲಿ? ಇಲ್ಲಿಯವರೆಗೆ ಫೋನಿನಲ್ಲಿ ಯಾವ ಅಂಗಡಿ ಎಂದು ಕೇಳಿದರೆ "ನೀಲಿ ಬಾಗಲದ ಅಂಗಡಿರಿ" ಎಂದು ತೇಲಿಸುತ್ತಿದ್ದೆ. ರೇಷ್ಮಾ ಹಣೆ ಚಚ್ಚಿಕೊಂಡಳು. "ಅಂಗಡಿ ಹೆಸರ ಹೇಳದ ಅಂಗಡಿಯವರನ್ನ ನಾ ಎಲ್ಲೂ ನೋಡಿಲ್ರಿ ಅಕ್ಕಾರ" ಎಂದಳು. ಯಮನಪ್ಪ ಫೋನ್ ಹಿಡಿದು ಕೂತ. ಬರ್ರಿ ಅಕ್ಕಾರ ಎಂದು ಶುರು ಮಾಡುತ್ತೇನೆ, ಬನಹಟ್ಟಿ ಎನ್ನುತ್ತೇನೆ, ಅಲ್ಲಿಗೆ ನಾಲಿಗೆ ಹೊರಳುವುದಿಲ್ಲ. "ವೈನಿ, ನನ್ನ ಬ್ಯಾಟರಿ ಮುಗ್ಯಾಕತ್ತೈತಿ" ಎಂದು ಅವನು ಗೋಗರೆದ. ಕಡೆಗೆ ಅತ್ತೆ ಒಳಗಿನಿಂದ, "ಒಡಪ ಹಚ್ಚಿ ಹೇಳ ಬೇ. ಲಗ್ನದಾಗ ಹೇಳಿದ್ದಿಲ್ಲೇನ?" ಎಂದು ಕೂಗಿದರು.

ಲಗ್ನದಲ್ಲಿ ಹೇಳಿದ್ದೆ, ಪ್ರಾಸದ ಸಾಲಿನಲ್ಲಿ ನಿಮ್ಮ ಹೆಸರು ಹೆಣೆದು. ನಿಮಗೆ ಕೇಳಿಸಲಿಲ್ಲ ಎಂದು ಹೆಂಗಸರೆಲ್ಲ ನನ್ನಿಂದ ಮತ್ತೆ ಮತ್ತೆ ಹೇಳಿಸಿದ್ದರು. ಕೇಳಿಸಿಯೂ ನೀವು ತಲೆ ತಗ್ಗಿಸಿ ನಗುತ್ತಿದ್ದಿರಿ. ಆ ನಗು ಕಣ್ಣ ಮುಂದೆ ಬಂತು. ಫೋನ್ ಹತ್ತಿರ ಹಿಡಿಯಪ್ಪಾ ಎಂದು ಯಮನಪ್ಪನಿಗೆ ಹೇಳಿ, ಒಂದೇ ಉಸಿರಿಗೆ ಅಂದೆ:

"ಹಾಸೂ ಹೊಕ್ಕೂ ಕೂಡಿದ್ರ ಆಗತೈತಿ ಸೀರಿ,
ಪರಮಾನಂದರ ಅಂಗಡಿಗಿ ಬರ್ರಿ ಎಲ್ಲಾರೂ ಸೇರಿ."

ಮರುದಿನ ಆಟೊ ಹೊರಟಿತು. ಹೆಂಗಸರು ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಿಗೆ ಬಂದರಂತೆ. ಹೆಂಡತಿಯೊಬ್ಬಳು ಗಂಡನ ಹೆಸರನ್ನು ಭೋಂಗಾದಲ್ಲಿ ಒಡಪು ಕಟ್ಟಿ ಹೇಳಿದ್ದು ಈ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ರಬಕವಿಯಲ್ಲಿ ಆಟೊ ನಿಲ್ಲಿಸಿ ಇನ್ನೊಮ್ಮೆ ಹಚ್ಚು ಎಂದು ಮತ್ತೆ ಕೇಳಿಸಿಕೊಂಡರಂತೆ. ಅಂಗಡಿಗೆ ಬಂದವರಿಗೆ ನಾನೂ ಒಂದು ಕರಾರು ಹಾಕಿದೆ. ಗಂಡನ ಹೆಸರಿಗೆ ಒಡಪು ಕಟ್ಟಿ ಹೇಳಿದವರ ಸೀರೆಯ ಜೊತೆ ಒಂದು ಕುಪ್ಪಸದ ಖಣ. ಅಬ್ಬಾ, ಆ ಗದ್ದಲ, ಆ ನಗು! ರನ್ನ ಬೆಳಗಲಿಯ ಅಂಜನಾ ಟೀಚರು ಸಾಲೆಯ ಮೇಡಮ್ಮುಗಳನ್ನೆಲ್ಲ ಕಟ್ಟಿಕೊಂಡು ಬಂದರು. ಪಾಠ ಹೇಳುವ ಬಾಯಿಗಳು ಒಡಪಿಗೆ ಬಂದಾಗ ಸೆರಗಿನಲ್ಲಿ ಅಡಗಿಕೊಂಡವು.

ತುಬಚಿಯಿಂದ ಒಬ್ಬ ಮುದುಕಿ ಮೊಮ್ಮಗಳಿಗೆ ಸೀರೆ ಕೊಳ್ಳಲು ಬಂದಿದ್ದಳು. ಕುಂಕುಮವಿಲ್ಲದ ಹಣೆ. ನಾನು ಅವಳನ್ನು ಕೇಳಲಿಲ್ಲ. ಎಲ್ಲರದೂ ಮುಗಿದ ಮೇಲೆ ತಾನಾಗಿಯೇ ಹೇಳಿದಳು, ಗಿರಮಲ್ಲಪ್ಪ ಎಂಬ ಹೆಸರು ಹಚ್ಚಿ ಹೊಳೆ, ಎತ್ತು, ಬಂಡಿ ಎಲ್ಲ ಬರುವ ಉದ್ದನೆಯ ಒಡಪು. ಹೇಳಿ ಕಣ್ಣು ಒರೆಸಿಕೊಂಡು, "ಹೆಸರ ಹೇಳಿ ಭಾಳ ದಿನಾ ಆಗಿತ್ತವಾ" ಎಂದಳು. ಅವಳಿಗೆ ಖಣ ಕೊಟ್ಟೆ, ಹಣೆಗೆ ಒತ್ತಿಕೊಂಡು ಇಟ್ಟುಕೊಂಡಳು. ಅವಳು ಮೆಟ್ಟಿಲು ಇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳ ಗಂಡ ಬರುವ ಹಾಗಿಲ್ಲ. ನನ್ನವರು ಬಸ್ಸಿನಲ್ಲಿ ಬಂದರೆ ಸಂಜೆಯೊಳಗೆ ಮನೆಯಲ್ಲಿರಬಹುದು. ಬರುವ ಹಾಗಿದ್ದೂ ಬಾರದವರನ್ನು ಕಾಯುವುದು ಯಾವ ಜಾತಿಯ ಕಷ್ಟವೋ ನನಗೆ ತಿಳಿಯದು.

ವ್ಯಾಪಾರ ಚೆನ್ನಾಗಿ ನಡೆದಿದೆ, ಅದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಆದರೆ ಹೊಸ ಕೂಗು ಶುರುವಾದ ದಿನದಿಂದ ನಮ್ಮ ಓಣಿಯ ತಿರುವಿನಲ್ಲಿ ನಿಮ್ಮ ಧ್ವನಿ ಇಲ್ಲ. ನನ್ನ ಧ್ವನಿ ನನಗೇ ಕೇಳಿಸುತ್ತದೆ, ಅದರಲ್ಲಿ ಕೇಳಲು ನನಗೆ ಏನಿದೆ? ಒಡಪು ಕೇಳಿದ ಅತ್ತೆ ಮೊನ್ನೆ, "ಹಾಸು ಇಲ್ಲೆ, ಹೊಕ್ಕು ಇಚಲಕರಂಜ್ಯಾಗ. ಸೀರಿ ಹ್ಯಾಂಗ ಆಗತೈತಿ ಬೇ?" ಎಂದು ನಕ್ಕರು. ಆಮೇಲೆ ಎದ್ದು ಹೋಗಿ ನಿಮ್ಮ ಮಗ್ಗದ ಧೂಳು ಒರೆಸಿದರು.

ಈಗ ನಿಮ್ಮ ಮಾತಿಗೆ ಉತ್ತರ. ಮಗ್ಗ ಕೊಳ್ಳುವವರು ಬಂದಿದ್ದರು. ನೋಡಿದರು, ತಟ್ಟಿದರು, ಒಪ್ಪಿದರು. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ. ನಿಮ್ಮ ಮಗ್ಗದ ಕೋಣೆ ನೀವು ಬಿಟ್ಟುಹೋದ ಹಾಗೆ ಇಲ್ಲ, ಇಷ್ಟು ತಿಳಿದಿರಲಿ.

ಇಚಲಕರಂಜಿಯ ಖೋಲಿಗೆ ನಾನು ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಅಲ್ಲಿ ಬೇರೆಯವರ ಮಗ್ಗದ ಮುಂದೆ ದಿನವೆಲ್ಲ ನಿಲ್ಲುತ್ತೀರಿ. ನೇಯ್ದ ಬಟ್ಟೆ ಲಾರಿ ಹತ್ತಿ ಹೋಗುತ್ತದೆ. ಯಾರು ಉಟ್ಟರು, ಉಟ್ಟಾಗ ಹೇಗೆ ಕಂಡರು, ನಿಮಗೆ ಗೊತ್ತೇ? ಇಲ್ಲಿ ಅಂಜನಾ ಟೀಚರು ನೀವು ನೇಯ್ದ ಹಳೆಯ ಸೀರೆ ಉಟ್ಟು ಬಂದು, "ಇಂಥಾದ ಇನ್ನೊಂದ ಬೇಕ್ರಿ, ಅವರ ಕೈದ ಬೇಕು" ಎಂದು ಕೇಳುತ್ತಾರೆ. ನಾನು ನೀಲಕಂಠಪ್ಪನವರ ಸೀರೆ ತೋರಿಸಿದರೆ ಚಲೋ ಐತಿ ಎಂದು ಹೇಳಿ, ಕೈಯಿಂದ ಕೆಳಗಿಡುತ್ತಾರೆ. ಅವರ ಕೈ ನೋಡಿದರೆ ನನಗೆ ಗೊತ್ತಾಗುತ್ತದೆ.

ನೀವು ಗಾದಿಯ ಮೇಲೆ ಕೂರುವುದು ಬೇಡ. ಗಿರಾಕಿಯ ಜೊತೆ ಮಾತೂ ಬೇಡ. ಅದೆಲ್ಲ ನನ್ನ ಪಾಲಿಗಿರಲಿ, ನನಗೆ ಅದು ಬರುತ್ತದೆ, ಈಗ ಇನ್ನೂ ಚೆನ್ನಾಗಿ ಬರುತ್ತದೆ. ನೀವು ಬನ್ನಿ. ನಿಮ್ಮನ್ನು ನೋಡಬೇಕು ಅನಿಸುತ್ತದೆ. ಊಟಕ್ಕೆ ಕೂತಾಗ ಅನಿಸುತ್ತದೆ, ಸೀರೆ ಮಡಚುವಾಗ ಅನಿಸುತ್ತದೆ, ಯಾರಾದರೂ ಕೆಮ್ಮಿದರೂ ಅನಿಸುತ್ತದೆ. ಫೋನಿನಲ್ಲಿ ಇದನ್ನು ಹೇಳಲು ಎಷ್ಟೋ ಸಲ ಬಾಯಿ ತೆರೆದು "ಅರಾಮ ಅದೇವ್ರಿ" ಎಂದಿದ್ದೇನೆ. ಕಾಗದದಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಬರೆದುಬಿಟ್ಟೆ.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದಿದ್ದೇನೆ. ಬಾಯಲ್ಲಿ ಹೇಳಿದರೆ ತಾನೇ, ಬರೆದರೆ ಪಾಪವಿಲ್ಲ ಎಂದು ಅತ್ತೆ ಅಪ್ಪಣೆ ಕೊಟ್ಟರು. ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವುದನ್ನು ಬಿಡಬೇಡಿ.

ನಿಮ್ಮ ದಾರಿ ನೋಡುವ,
ಶೇವಂತಿ

ತಾ.ಕ.: ಮಗ್ಗ ಮಾರಿಲ್ಲ. ಕೊಳ್ಳಲು ಬಂದವರನ್ನು ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮಾರನೆಯ ದಿನ ಗೌಂಡಿಯನ್ನು ಕರೆಸಿ, ಅಂಗಡಿಗೂ ಮಗ್ಗದ ಕೋಣೆಗೂ ನಡುವಿದ್ದ ಗೋಡೆ ಒಡೆಸಿದ್ದೇನೆ. ಮಾವನವರು ಕಟ್ಟಿಸಿದ ಗೋಡೆ, ಅತ್ತೆಯನ್ನು ಕೇಳಿಯೇ ಒಡೆಸಿದೆ, ಮೊದಲ ಇಟ್ಟಿಗೆ ಅವರೇ ಕಿತ್ತರು. ಈಗ ಬಾಗಿಲಲ್ಲಿ ಕಾಲಿಟ್ಟವರಿಗೆ ಮೊದಲು ಕಾಣುವುದು ನಿಮ್ಮ ಮಗ್ಗ. ಅದರ ಮೇಲೆ ನೀವು ಅರ್ಧಕ್ಕೆ ಬಿಟ್ಟು ಹೋದ ಸೀರೆ ಹಾಗೇ ಇದೆ, ಸೆರಗು ಇನ್ನೂ ನೇಯುವುದಿದೆ. ಎಳೆ ಎಳೆ ನೋಡಿದವರು ಬೆಲೆಯ ಬಗ್ಗೆ ತಕರಾರು ಮಾಡುವುದಿಲ್ಲ, ಎಲ್ಲರೂ ಅದೊಂದೇ ಸೀರೆ ಕೇಳುತ್ತಾರೆ. ಇದನ್ನು ನೇಯುವವರು ಎಲ್ಲಿ ಎಂದೂ ಕೇಳುತ್ತಾರೆ. ದೀವಳಿಗಿಗಿ ಬರತಾರ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಗಿರಾಕಿಗೆ ಕೊಟ್ಟ ಮಾತು, ಖರೆ ಮಾಡಿ.